ಹೀಚು ಕೀಳುವ ಕಷ್ಟ

ಹಿತ್ತಲಲ್ಲಿ ಸೀಬೆಮರ ಇಟ್ಟುಕೊಂಡವರಿಗೆ ಒಳ್ಳೆಯ ಹಣ್ಣು ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಮೊದಲ ಪಾಲು ಗಿಳಿಗೆ, ಎರಡನೆಯದು ಅಳಿಲಿಗೆ, ಮೂರನೆಯದು ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳಿಗೆ. ಉಳಿದದ್ದರ ಒಳಗೆ ಹುಳ ಆಗಲೇ ಗೃಹಪ್ರವೇಶ ಮುಗಿಸಿರುತ್ತದೆ. ಈ ವ್ಯವಸ್ಥೆಗೆ ಒಗ್ಗಿಕೊಂಡು ಸುಖವಾಗಿದ್ದವನ ತಲೆ ಕೆಡಿಸಿದ್ದು ತಳ್ಳುಗಾಡಿಯ ಮೇಲಿನ ತೈವಾನ್ ಸೀಬೆ. ಕೆಜಿಗೆ ಮೂರೇ ಮೂರು! ನಮ್ಮ ಮರದ್ದು ಕೆಜಿಗೆ ಎಷ್ಟು ಎಂದು ತೂಗುವ ಧೈರ್ಯ ಮಾಡಲಿಲ್ಲ. ಅಂಗೈಯಲ್ಲಿಟ್ಟರೆ ನಿಂಬೆಹಣ್ಣಿನ ಪಕ್ಕದಲ್ಲಿ ಸಂಕೋಚಪಡುವ ಗಾತ್ರ.

ಬುಡಕ್ಕೆ ಸಗಣಿ ಗೊಬ್ಬರ ಬಿತ್ತು. ಬಚ್ಚಲೊಲೆಯ ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆಂದು ಅದೂ ಬಿತ್ತು. ದಿನಾ ಬೆಳಿಗ್ಗೆ ಕಾಂಡಕ್ಕೆ ಅಭಿಷೇಕ ಮಾಡಿದ ಹಾಗೆ ನೀರು ಸುರಿಯುವಾಗ ಎದುರುಮನೆಯ ಮೇಷ್ಟ್ರು ಕಾಂಪೌಂಡಿಗೆ ಮೊಣಕೈ ಊರಿ, "ಕಾಂಡ ನೀರು ಕುಡಿಯಲ್ಲ ಸ್ವಾಮಿ, ಬೇರಿನ ಬಾಯಿ ಕೊಂಬೆಯ ನೆರಳು ಮುಗಿಯುವ ಕಡೆ ಇರುತ್ತೆ, ಅಲ್ಲಿ ಹಾಕಿ" ಎಂದರು. ದಾಳಿಂಬೆ ಗಿಡವನ್ನು ಒಣಗಿಸಿ ಒಣಗಿಸಿ ಒಂದೇ ದಿನ ನೀರು ನುಗ್ಗಿಸಿದರೆ ಹಣ್ಣು ಒಡೆದು ಹಲ್ಲು ಕಿರಿಯುತ್ತದೆಂದೂ ಹೇಳಿದರು. ನಮ್ಮನೆಯಲ್ಲಿ ದಾಳಿಂಬೆ ಇಲ್ಲ. ಮೇಷ್ಟ್ರಿಗೆ ಪಾಠ ಶುರುವಾದ ಮೇಲೆ ಅದೆಲ್ಲ ಲೆಕ್ಕಕ್ಕಿಲ್ಲ.

ಅಸಲು ಮಾತು ಆಮೇಲೆ ಬಂತು. "ನಿಮ್ಮ ಮರಕ್ಕೆ ಗೊಬ್ಬರ ಕಮ್ಮಿಯಾಗಿಲ್ಲ, ಕಾಯಿ ಜಾಸ್ತಿಯಾಗಿದೆ. ಅರ್ಧ ಕಿತ್ತು ಬಿಸಾಕಿ."

ಮಾತಿನಲ್ಲಿ ಹುರುಳಿತ್ತು. ಅಡುಗೆ ಮಾಡುವುದು ಎಲೆ, ಉಣ್ಣುವುದು ಕಾಯಿ. ಒಂದು ಸೇಬು ಚೆನ್ನಾಗಿ ದಪ್ಪವಾಗಲು 30ರಿಂದ 40 ಎಲೆ ದುಡಿಯಬೇಕಂತೆ. ಹಾಗಾಗಿಯೇ ಸೇಬು, ಪೀಚ್ ಬೆಳೆಯುವವರು ಕಾಯಿಂದ ಕಾಯಿಗೆ ಹೆಚ್ಚುಕಮ್ಮಿ ಒಂದು ಗೇಣು ಜಾಗ ಬಿಟ್ಟು ಉಳಿದದ್ದನ್ನು ನಿರ್ದಾಕ್ಷಿಣ್ಯವಾಗಿ ಕೀಳುತ್ತಾರೆ. ಅದೂ ಬೇಗನೆ. ಕಾಯಿ ಕಚ್ಚಿದ ಮೊದಲ ಕೆಲವು ವಾರಗಳಲ್ಲೇ ಅದರ ಜೀವಕೋಶಗಳ ಸಂಖ್ಯೆ ಬಹುಪಾಲು ತೀರ್ಮಾನವಾಗಿಬಿಡುತ್ತದೆ. ಆಮೇಲೆ ಇದ್ದ ಕೋಶಗಳೇ ಊದಿಕೊಳ್ಳಬೇಕು. ಸೀಬೆಯಲ್ಲಾದರೆ ಗೋಲಿ ಗಾತ್ರದಲ್ಲಿರುವಾಗಲೇ ಕೈ ಹಾಕಬೇಕು.

ಕೈ ಹಾಕಿದೆ. ಒಂದೇ ತೊಟ್ಟಿನ ಆಸುಪಾಸು ಮೂರು ಹೀಚು, ತುದಿಯಲ್ಲಿ ಹೂವಿನ ಒಣಗಿದ ಕಿರೀಟ ಇನ್ನೂ ಉದುರಿಲ್ಲ, ಮೈಮೇಲೆ ಬೂದು ನವಿರು. ಯಾವುದನ್ನು ಉಳಿಸುವುದು? ನಾನು ಆಯ್ಕೆ ಸಮಿತಿಯವರ ಗಾಂಭೀರ್ಯದಲ್ಲಿ ನಿಂತಿರುವಾಗ ಅಮ್ಮ ಬಂದರು.

"ಏನೋ ಅದು? ಕಚ್ಚಿದ ಕಾಯಿ ಕೀಳ್ತಾರೇನೋ? ಪಂಕ್ತಿಯಲ್ಲಿ ಊಟಕ್ಕೆ ಕೂತವರನ್ನ ಎಬ್ಬಿಸಿದ ಹಾಗೆ!"

ಜೀವಕೋಶ, ಗೇಣು, ಸೇಬು ಎಲ್ಲ ಗಂಟಲಲ್ಲೇ ಉಳಿದವು.

ವಿಚಿತ್ರ ನೋಡಿ, ಇದೇ ಅಮ್ಮ ಮಾವಿನ ಮಿಡಿ ಕೀಳಿಸಿ ಭರಣಿ ತುಂಬಿಸುವಾಗ ಯಾವ ಪಂಕ್ತಿಯೂ ನೆನಪಾಗುವುದಿಲ್ಲ. ಹೆಂಡತಿಯ ತವರು ಪುತ್ತೂರಿನ ಕಡೆ. ಅಲ್ಲಿ ಹಲಸಿಗೆ ಗುಜ್ಜೆ ಬಿಟ್ಟರೆ ಸಾಕು, ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸುತ್ತ ಪಲ್ಯಕ್ಕೆ ಕೂರುತ್ತಾರೆ. ಮರದ ಮೇಲೆ ಉಳಿದ ನಾಲ್ಕು ಕಾಯಿ ಆರಾಮಾಗಿ ಕಾಲು ಚಾಚಿ ಬೆಳೆಯುತ್ತವೆ. ಪಟ್ಟಿ, ಪುಸ್ತಕ ಇಲ್ಲದೆ ಒಗ್ಗರಣೆಯಲ್ಲೇ ತೋಟಗಾರಿಕೆ ನಡೆದುಬಿಡುತ್ತದೆ. ತಿನ್ನಲು ಬಂದರೆ ಕೀಳಲು ನಮಗೆ ಯಾವ ಮುಲಾಜೂ ಇಲ್ಲ. ಒಗರು ಹೀಚು ಸೀಬೆ ಯಾವ ಬಾಣಲೆಗೂ ಹತ್ತುವುದಿಲ್ಲ, ಅದಕ್ಕೇ ಅದರ ಮೇಲೆ ಇಷ್ಟು ಕರುಣೆ.

ಗಾತ್ರದ ಹುಚ್ಚು ಯಾಕೆ ಅನ್ನುವವರೂ ಇದ್ದಾರೆ, ಅವರ ಕೈಲೂ ಸಾಕ್ಷಿ ಇದೆ. ಸಪೋಟದಲ್ಲಿ ಕ್ರಿಕೆಟ್ ಬಾಲ್ ಅಂತಲೇ ಒಂದು ತಳಿ; ಗಾತ್ರ ಹೆಸರಿಗೆ ತಕ್ಕಂತೆ, ತಿರುಳು ಮಾತ್ರ ಕೊಂಚ ಮರಳು ಮರಳು. ಸಿಹಿಗೆ ಕಾಲಿಪತ್ತಿಯೇ ಸೈ. ಧಾರವಾಡದವರು ಎರಡಕ್ಕೂ ಮದುವೆ ಮಾಡಿಸಿ ಡಿಎಚ್‌ಎಸ್ ತಳಿಗಳನ್ನು ತಂದರು. ಗುಬ್ಬಿ ತಾಲ್ಲೂಕಿನ ಸಿದ್ದು ಹಲಸು ಸುಮಾರು ಎರಡೂವರೆ ಕೆಜಿಯ ಪುಟಾಣಿ, ತಾಮ್ರದ ಬಣ್ಣದ ತೊಳೆ. ಜನ ಅದರ ಕಸಿಗಿಡಕ್ಕೆ ಹುಡುಕಿಕೊಂಡು ಹೋಗುತ್ತಾರೆ. ಇದನ್ನೆಲ್ಲ ಹೇಳಿ ನನ್ನನ್ನು ನಾನು ಸಮಾಧಾನಪಡಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಸೀಬೆ ಸಣ್ಣದೂ ಹೌದು, ಸಪ್ಪೆಯೂ ಹೌದು.

ದಾರಿ ತೋರಿದ್ದು ಅಮ್ಮನ ಹೊಟ್ಟೆನೋವು. ಹೆಂಡತಿ ಸೀಬೆಯ ಎಳೆ ಕುಡಿ ಚಿವುಟಿ, ಜೀರಿಗೆ ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸಿದಳು. ಅಮ್ಮ ಎರಡನೇ ಸಲ ಬಡಿಸಿಕೊಂಡರು. ಈಗ ವಾರಕ್ಕೊಮ್ಮೆ ತಂಬುಳಿ, ಕುಡಿ ಕೀಳಲು ಸ್ವತಃ ಅಮ್ಮನದೇ ಅಪ್ಪಣೆ. ಕುಡಿ ಎಟುಕುತ್ತಿಲ್ಲ ಎಂಬ ನೆಪದಲ್ಲಿ ನಾನು ಉದ್ದ ಕೊಂಬೆಗಳನ್ನೂ ಅಲ್ಲಲ್ಲಿ ಸವರಿದೆ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲೇ ಆದ್ದರಿಂದ ಚಾಟನಿಯೂ ಆದಂತಾಯಿತು.

ಮೊನ್ನೆ ಮೇಷ್ಟ್ರು ಲೋಟ ಹಿಡಿದು ತಂಬುಳಿಗೆ ಬಂದಿದ್ದರು. ಕುಡಿದು ಮೀಸೆ ಒರೆಸಿಕೊಂಡು, "ಮರ ಪರವಾಗಿಲ್ಲ ಸ್ವಾಮಿ, ಇನ್ನು ಹೀಚಿಗೂ ಒಂದು ಅಡುಗೆ ಹುಡುಕಿಬಿಡಿ" ಎಂದರು. ಹೆಂಡತಿ ಆಗಲೇ ಪುತ್ತೂರಿಗೆ ಫೋನ್ ಹಚ್ಚಿದ್ದಳು.