ರಾಗಿಗೊಂದು ರೂಮು

ಯಲಹಂಕದಾಚೆ ಐದು ಎಕರೆ ಇಟ್ಟುಕೊಂಡವರು ಕಟ್ಟಡ ಎಬ್ಬಿಸುತ್ತೇನೆ ಎಂದರೆ ಊರಿನಲ್ಲಿ ಯಾರಿಗೂ ಅಚ್ಚರಿಯಿಲ್ಲ. ಕಲ್ಯಾಣ ಮಂಟಪವೋ, ಪಿಜಿಯೋ, ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇರುವ ಶಾಲೆಯೋ, ಅಷ್ಟೇ ಪ್ರಶ್ನೆ. ಹೊಲದಲ್ಲಿ ಬೆಳೆದ ರಾಗಿ ಇಟ್ಟುಕೊಳ್ಳೋಕೆ ಅಂದುಬಿಟ್ಟರೆ ಮಾತ್ರ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ತಿದ್ದಾರಾ ಎಂದು ವಿಚಾರಣೆ ಶುರುವಾಗುತ್ತದೆ.

ರಾಜಾನುಕುಂಟೆ ಕಡೆಯ ನಮ್ಮ ದೊಡ್ಡಪ್ಪನಿಗೆ ಈ ಆಸೆ ಹುಟ್ಟಿಸಿದ್ದು ಅವರ ಸೊಸೆ. ಹಾಲಿನಲ್ಲಿ ಪೇರಿಸಿದ ರಾಗಿ ಚೀಲ ಟಿವಿಗೆ ಅಡ್ಡ ಬರುತ್ತಿದೆ ಎಂದು ಆಕೆ ತಕರಾರು ತೆಗೆದಳು. ತಕರಾರು ನ್ಯಾಯವಾದದ್ದೇ. ಹಳೇ ತೊಟ್ಟಿಮನೆ ಕೆಡವಿ ಹೊಸದು ಕಟ್ಟಿಸಿದಾಗ ದೇವರಿಗೆ, ಬಟ್ಟೆ ಒಗೆಯುವ ಮೆಷಿನ್ನಿಗೆ, ಚಪ್ಪಲಿಗೆ, ಇನ್ನೂ ಹುಟ್ಟದ ಮೊಮ್ಮಗುವಿಗೆ ಎಲ್ಲರಿಗೂ ಜಾಗ ಬಿಟ್ಟಿದ್ದರು. ರಾಗಿಯನ್ನು ಮಾತ್ರ ಆರ್ಕಿಟೆಕ್ಟ್ ಸಾಹೇಬರು ಮರೆತಿದ್ದರು. ಮನೆಯವರೂ ನೆನಪಿಸಿರಲಿಲ್ಲ ಅನ್ನಿ.

ಸರಿ, ಎಸ್ಟಿಮೇಟು ಹಾಕಿಸೋಣ ಎಂದಾಯಿತು. ಮಳೆ ಕೈಕೊಡದಿದ್ದರೆ ಎಕರೆಗೆ ಹತ್ತು ಕ್ವಿಂಟಾಲ್, ಐದು ಎಕರೆಗೆ ಐವತ್ತು. ಐವತ್ತು ಕೆ.ಜಿ.ಯ ಲೆಕ್ಕದಲ್ಲಿ ನೂರು ಚೀಲ. ಗೋಡೆಗೆ ತಾಗದಂತೆ ಒಂದಡಿ ಬಿಟ್ಟು, ನೆಲದ ತೇವ ಹತ್ತದಂತೆ ಕೆಳಗೆ ಮರದ ಹಲಗೆ ಹಾಕಿ ಪೇರಿಸಿದರೂ ಹನ್ನೆರಡು–ಹದಿನೈದು ಅಡಿಯ ಒಂದು ರೂಮು ಧಾರಾಳ. ಮೇಸ್ತ್ರಿ ಟೇಪು ಹಿಡಿದು ಬಂದ. ಹತ್ತು ವರ್ಷದಿಂದ ನಾಲ್ಕು ಅಂತಸ್ತಿಗಿಂತ ಕಡಿಮೆ ಏನನ್ನೂ ಕಟ್ಟಿದವನಲ್ಲ.

‘ಮ್ಯಾಲೆ ಎಷ್ಟು ಫ್ಲೋರು ಗೌಡ್ರೇ?’

‘ಮ್ಯಾಲೆ ಶೀಟು ಕಣಯ್ಯ.’

‘ಅಟ್ಯಾಚ್ಡ್ ಬಾತ್‌ರೂಮು?’

‘ರಾಗಿಗೆ ಯಾಕ್ಲಾ ಬಾತ್‌ರೂಮು?’

‘ಇರ್ಲಿ ಅಂತೀನಿ. ಮುಂದಕ್ಕೆ ಬಾಡಿಗೆಗಾದ್ರೂ ಆಯ್ತದೆ.’

ಆ ಕಟ್ಟಡದ ಭವಿಷ್ಯವನ್ನು ಮೊದಲು ಕಂಡವನು ಮೇಸ್ತ್ರಿಯೇ ಎಂಬುದು ನಮಗೆ ಆಗ ಹೊಳೆಯಲಿಲ್ಲ.

ನೆಲದಿಂದ ಎರಡೂವರೆ ಅಡಿ ಎತ್ತರದ ಪಾಯ, ಸಾಲಿಡ್ ಬ್ಲಾಕಿನ ಗೋಡೆ, ಇಲಿ ನುಗ್ಗದಂತೆ ಬಾಗಿಲ ಕೆಳಗೆ ತಗಡು, ಗವಾಕ್ಷಿಗೆ ಜಾಲರಿ, ಎಲ್ಲ ಸೇರಿ ನೂರೆಂಬತ್ತು ಚದರಡಿಗೆ ಮೂರು ಲಕ್ಷ ಅರವತ್ತು ಸಾವಿರ ಅಂದ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆಯಲ್ಲಪ್ಪ ಎಂದು ನಾನು ಪೇಪರ್ ಓದಿದ ಜಂಬದಲ್ಲಿ ಅಂದೆ. ಇಳಿದಿದೆ ಸಾರ್ ಎಂದು ಅವನು ಮರ್ಯಾದೆಯಿಂದ ಒಪ್ಪಿ, ಎಂ-ಸ್ಯಾಂಡಿನ ಸಾಲಿನಲ್ಲಿ ಅದನ್ನು ವಾಪಸು ಏರಿಸಿದ.

ಇಡಬೇಕಾದ ರಾಗಿಯ ಬೆಲೆ ಎಷ್ಟು? 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಐವತ್ತು ಕ್ವಿಂಟಾಲಿಗೆ 2,44,300. ಎರಡೂವರೆ ಲಕ್ಷದ ರಾಗಿಗೆ ಮೂರೂವರೆ ಲಕ್ಷದ ಮನೆ. ಇಷ್ಟಾದರೂ ದೊಡ್ಡಪ್ಪ ಎದೆಗುಂದಲಿಲ್ಲ. ಕಟ್ಟಡ ಮೂವತ್ತು ವರ್ಷ ಇರ್ತದೆ, ರಾಗಿ ವರ್ಷವರ್ಷ ಬರ್ತದೆ ಎಂದರು. ಎದೆ ಒಡೆಸಿದ್ದು ಮಾನ್ಯತಾ ಟೆಕ್ ಪಾರ್ಕಿನಿಂದ ಕ್ಯಾಬಿನಲ್ಲಿ ಬಂದಿಳಿದ ಮಗ.

‘ಅಪ್ಪ, ಜಾಗದ ರೇಟೇ ಹಾಕಿಲ್ವಲ್ಲ?’

‘ಜಾಗ ನಮ್ದೇ ಅಲ್ವೇನೋ.’

‘ನಮ್ದೇ ಆದ್ರೆ ಫ್ರೀನಾ? ಪಕ್ಕದ ಲೇಔಟಲ್ಲಿ ಅಡಿಗೆ ಐದು ಸಾವಿರ ಹೇಳ್ತಾವ್ರೆ.’

ನೂರೆಂಬತ್ತು ಚದರಡಿಗೆ ಒಂಬತ್ತು ಲಕ್ಷ. ಲ್ಯಾಪ್‌ಟಾಪಿನಲ್ಲಿ ಸಾಲು ಸೇರಿಸಿದ ಕೂಡಲೇ ಮೊತ್ತ ಹನ್ನೆರಡು ಲಕ್ಷ ಅರವತ್ತು ಸಾವಿರಕ್ಕೆ ಹಾರಿತು. ಮನೆಯಲ್ಲಿ ಒಬ್ಬರೂ ಒಂದು ಮುದ್ದೆ ನುಂಗದೆ ಐದು ವರ್ಷದ ರಾಗಿಯನ್ನೆಲ್ಲ ಮಾರಿದರೂ, ಆ ರಾಗಿ ಇಡುವ ರೂಮಿನ ದುಡ್ಡು ಹುಟ್ಟುವುದಿಲ್ಲ. ಈ ಲೆಕ್ಕ ಹಾಕುತ್ತಾ ಹೋದರೆ ರಾಗಿ ಬೆಳೆಯುವುದೂ ನಿಲ್ಲಬೇಕು. ಅಡಿಗೆ ಐದು ಸಾವಿರ ಬಾಳುವ ನೆಲದಲ್ಲಿ ಅಡಿಗೆ ಎಷ್ಟು ಕಾಳು ಬಂತು ಎಂದು ಮಗ ಕೇಳಲಿಲ್ಲ. ಕೇಳುವ ದಿನ ದೂರವಿಲ್ಲ.

ಸಬ್ಸಿಡಿ ಇಲ್ಲವೇ? ಇಲ್ಲದೆ ಏನು! 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯ ಗಾತ್ರ ಒಂದು ಲಕ್ಷ ಕೋಟಿ. ಎರಡು ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ 3ರ ಬಡ್ಡಿ ರಿಯಾಯಿತಿ. ಬ್ಯಾಂಕಿನ ಅಧಿಕಾರಿ ದೊಡ್ಡಪ್ಪನನ್ನು ಕೂರಿಸಿ, ಕಾಫಿ ತರಿಸಿ, ಡಿಪಿಆರ್ ತಂದಿದ್ದೀರಾ ಯಜಮಾನ್ರೇ ಎಂದು ಕೇಳಿದರು. ಹಾಗೆಂದರೆ ವಿವರವಾದ ಯೋಜನಾ ವರದಿ. ಅದನ್ನು ಬರೆದುಕೊಡಲು ಮಹಡಿಯಲ್ಲೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಕೂತಿರುತ್ತಾರೆ. ಅವರ ಫೀಸು ರೂಮಿನ ಶೀಟಿನ ಖರ್ಚಿಗೆ ಸಮ. ಇನ್ನು ಗೋದಾಮಿಗೆ ನೇರ ಸಹಾಯಧನವೂ ಉಂಟು, ಬಯಲು ಸೀಮೆಯಲ್ಲಿ ಬಂಡವಾಳದ ಕಾಲು ಭಾಗ. ಆದರೆ ಕನಿಷ್ಠ ಐವತ್ತು ಟನ್ ಹಿಡಿಯುವ ಗೋದಾಮಾಗಿರಬೇಕು. ದೊಡ್ಡಪ್ಪನ ರಾಗಿ ಐದು ಟನ್. ಒಂದು ಸೊನ್ನೆ ಕಡಿಮೆ ಬಿತ್ತು. ಐವತ್ತು ಟನ್ ತುಂಬಿಸಬೇಕಾದರೆ ಐವತ್ತು ಎಕರೆ ರಾಗಿ ಬೇಕು, ಯಲಹಂಕದ ಸುತ್ತ ಐವತ್ತು ಎಕರೆ ಒಂದೇ ಕಡೆ ಇರುವವರು ರಾಗಿಯನ್ನು ಹೋಟೆಲಿನ ಮೆನುವಿನಲ್ಲಿ ಮಾತ್ರ ನೋಡಿರುತ್ತಾರೆ.

2023ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಸಹಕಾರಿ ವಲಯದಲ್ಲಿ ‘ವಿಶ್ವದ ಅತಿ ದೊಡ್ಡ’ ಧಾನ್ಯ ಸಂಗ್ರಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ 700 ಲಕ್ಷ ಟನ್. ಅದೇ ವರ್ಷ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಕೂಡ. ರಾಗಿಗೆ ಆ ವರ್ಷ ದಿಲ್ಲಿಯಲ್ಲಿ ಸಿಕ್ಕ ಮರ್ಯಾದೆ ನೋಡಿ ದೊಡ್ಡಮ್ಮ ಮಾತ್ರ, ‘ಇಲ್ಲಿ ಚೀಲ ಇಡೋಕೆ ಒಂದು ಮೂಲೆ ಕೊಡ್ರಪ್ಪ ಸಾಕು’ ಅಂದರು. ಅತಿ ದೊಡ್ಡದರಲ್ಲಿ ಜಾಗ ಉಂಟು, ಅತಿ ಚಿಕ್ಕದರಲ್ಲಿ ಇಲ್ಲ.

ಕೊಯ್ದ ಕೂಡಲೇ ಸರ್ಕಾರಕ್ಕೇ ಮಾರಬಾರದೇ, ರೂಮಿನ ಹಂಗೇ ಬೇಡ ಎನ್ನುವವರಿದ್ದಾರೆ. ಮಾರಬಹುದು. ರಾಗಿ ಕೊಯ್ಲು ಕಾರ್ತಿಕದಲ್ಲಿ, ಖರೀದಿ ಕೇಂದ್ರ ತೆರೆಯುವುದು ಸಂಕ್ರಾಂತಿಯ ಆಸುಪಾಸು. ಅಲ್ಲಿಯವರೆಗೆ ಇಡಬೇಕಲ್ಲ! ಎಕರೆಗೆ ಹತ್ತು, ತಲೆಗೆ ಇಪ್ಪತ್ತು ಕ್ವಿಂಟಾಲ್ ಎಂದು ಸರ್ಕಾರ ಮಿತಿ ಹಾಕಿದ ವರ್ಷಗಳೂ ಉಂಟು. ಐದು ಎಕರೆಯವರು ಉಳಿದ ಮೂವತ್ತನ್ನು ಟಿವಿಯ ಮುಂದೆಯೇ ಇಟ್ಟುಕೊಳ್ಳಬೇಕು.

ಕಾನೂನಿನ ಬಾಗಿಲು ನೋಡೋಣ ಎಂದರೆ ಅಲ್ಲಿ ಆಶ್ಚರ್ಯ ಕಾದಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ರೈತನ ಪರವಾಗಿದೆ. ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ಕೃಷಿ ಭೂಮಿಯಲ್ಲಿ ಕಟ್ಟಿಕೊಳ್ಳಲು ಭೂಪರಿವರ್ತನೆ ಬೇಕಿಲ್ಲ. ಫಾರ್ಮ್ ಹೌಸನ್ನೂ ಹಿಡುವಳಿಯ ಶೇ 10ರೊಳಗೆ ಕಟ್ಟಬಹುದು. ಹೆಸರಘಟ್ಟ ರಸ್ತೆಯಲ್ಲಿ ಹಾದುಹೋದರೆ ಈ ಸೆಕ್ಷನ್ನನ್ನು ಜನ ಎಷ್ಟು ಭಕ್ತಿಯಿಂದ ಓದಿಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ಹುಲ್ಲುಹಾಸು ಬೆಳೆ, ಈಜುಕೊಳ ನೀರಾವರಿ, ಶನಿವಾರ ರಾತ್ರಿ ಸುಗ್ಗಿ. ಅಲ್ಲಿ ಇಲ್ಲದ ಬೇಸಾಯದ ಕಟ್ಟಡ ಒಂದೇ, ಕಾಳು ಇಡುವುದು.

ಕಟ್ಟುವ ಹಕ್ಕಿದ್ದರೆ ಸಾಲದು, ಕಟ್ಟಿದ್ದು ನಿಲ್ಲುವ ಭರವಸೆಯೂ ಬೇಕು. ಈ ವಿಷಯದಲ್ಲಿ ಯಲಹಂಕ ಸೀಮೆಯ ರೈತರಷ್ಟು ಪಾಠ ಕಲಿತವರು ಕಡಿಮೆ. 2008ರ ಡಿಸೆಂಬರಿನಲ್ಲಿ ಬಿಡಿಎ ಇಲ್ಲಿನ 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಹೈಕೋರ್ಟಿನಲ್ಲಿ ಬಿದ್ದ ಯೋಜನೆಯನ್ನು 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಎಬ್ಬಿಸಿ ನಿಲ್ಲಿಸಿತು. ನಡುವಿನ ಹತ್ತು ವರ್ಷ ಅಲ್ಲಿನ ರೈತ ಒಂದು ಕೊಟ್ಟಿಗೆ ಕಟ್ಟಬೇಕೋ ಬೇಡವೋ ಎಂದು ಪಂಚಾಂಗದ ಬದಲು ಕಾಸ್ ಲಿಸ್ಟ್ ನೋಡುತ್ತಿದ್ದ. ಆಮೇಲೆ ಕಟ್ಟಡಗಳ ಹಣೆಬರಹ ನೋಡಲು ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿ ಬಂತು, ಗೋಡೆಗೆ ಹುಟ್ಟಿದ ದಿನದ ದಾಖಲೆ ಕೊಡಬೇಕಾಯಿತು. ಬಡಾವಣೆಗೆ ಯಾರ ಹೆಸರು ಅಂತೀರಿ? ಡಾ. ಶಿವರಾಮ ಕಾರಂತ. ‘ಮರಳಿ ಮಣ್ಣಿಗೆ’ ಬರೆದವರ ಹೆಸರಿನಲ್ಲಿ ಮೂರೂವರೆ ಸಾವಿರ ಎಕರೆ ಮಣ್ಣು ಸೈಟಾಗುತ್ತದೆ ಎಂಬ ವ್ಯಂಗ್ಯವನ್ನು ನಾನು ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ; ನಮ್ಮ ಫೈಲುಗಳಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಇನ್ನಾದರೂ ಸುಮ್ಮನಿರಬೇಕು.

ಇನ್ನೊಂದಿಷ್ಟು ಮೇಲಕ್ಕೆ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳವರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ಏರೋಸ್ಪೇಸ್ ಪಾರ್ಕಿನ ಆ ಸ್ವಾಧೀನ ಕೈಬಿಟ್ಟೆವು ಎಂದು ಮುಖ್ಯಮಂತ್ರಿ ಹೇಳಿದ್ದು 2025ರ ಜುಲೈ 15ರಂದು. ಹೀಗಾಗಿ ಇಲ್ಲಿ ಕಣಜದ ಎಸ್ಟಿಮೇಟಿನಲ್ಲಿ ಸಿಮೆಂಟು, ಕಂಬಿ, ಕೂಲಿ ಆದ ಮೇಲೆ ‘ಧರಣಿ ಖರ್ಚು, ಮೂರು ವರ್ಷ’ ಎಂದೊಂದು ಸಾಲು ಬರೆದಿಡುವುದು ಬುದ್ಧಿವಂತಿಕೆ. ಶಾಮಿಯಾನ ಬಾಡಿಗೆ ಸಣ್ಣದೇನಲ್ಲ.

ಜಿಕೆವಿಕೆಯ ಕೃಷಿ ಮೇಳಕ್ಕೂ ದೊಡ್ಡಪ್ಪನನ್ನು ಕರೆದೊಯ್ದೆ. ಕಾಳಿನ ತೇವಾಂಶ ಶೇ 12ಕ್ಕಿಂತ ಕೆಳಗಿರಲಿ, ಚೆನ್ನಾಗಿ ಒಣಗಿಸಿ, ನೆಲ ಎತ್ತರವಿರಲಿ ಎಂದು ಅಲ್ಲಿನ ವಿಜ್ಞಾನಿಗಳು ಹೇಳಿದ್ದು ನೂರಕ್ಕೆ ನೂರು ಸರಿ. ಒಣಗಿಸುವುದೆಲ್ಲಿ ಎಂಬುದು ಮಾತ್ರ ಅವರ ಕೈಯಲ್ಲಿಲ್ಲ. ಒಂದು ಕಾಲಕ್ಕೆ ನಮ್ಮ ಕಡೆ ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿ, ಓಡಾಡುವ ಬಸ್ಸು ಲಾರಿಗಳಿಂದಲೇ ಪುಕ್ಕಟೆ ಒಕ್ಕಣೆ ಮಾಡಿಸುತ್ತಿದ್ದರು. ಈಗ ಬಳ್ಳಾರಿ ರಸ್ತೆಗೆ ತೆನೆ ಹರಡಿದರೆ ಏರ್‌ಪೋರ್ಟಿಗೆ ಓಡುವವರು ಮೊದಲು ತೆನೆಯನ್ನು, ಆಮೇಲೆ ರೈತನನ್ನು ಒಕ್ಕುತ್ತಾರೆ.

ಇದನ್ನೆಲ್ಲ ಕೇಳಿ ಕೇಳಿ ದೊಡ್ಡಮ್ಮ ಒಂದು ದಿನ, ‘ನಿಮ್ಮಪ್ಪ ಎಷ್ಟು ಎಸ್ಟಿಮೇಟು ಹಾಕ್ಸಿದ್ರು?’ ಅಂತ ದೊಡ್ಡಪ್ಪನನ್ನೇ ಕೇಳಿದರು. ಆ ತಾತ ಎಸ್ಟಿಮೇಟು ಹಾಕಿಸಿದವರಲ್ಲ, ಹಗೇವು ತೋಡಿಸಿದವರು. ಊರಿನ ದಿಬ್ಬದಲ್ಲಿ, ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಆಳು ಇಳಿಯುವಷ್ಟು ಬಾಯಿ, ಒಳಗೆ ಅಗಲವಾದ ಹೊಟ್ಟೆ. ಸುತ್ತ ಹುಲ್ಲು ಒತ್ತಿ, ಒಣಗಿದ ರಾಗಿ ಸುರಿದು, ಮೇಲೆ ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಒಳಗಿನ ಗಾಳಿಯಲ್ಲಿ ಪ್ರಾಣವಾಯು ತೀರಿ ಹುಳವೂ ಬದುಕುವುದಿಲ್ಲ. ಮೊದಲೇ ರಾಗಿ ಸಣ್ಣ ಕಾಳು, ಗಟ್ಟಿ ಸಿಪ್ಪೆ; ಹತ್ತಾರು ವರ್ಷ ಕೆಡದೆ ಕೂರುತ್ತದೆ. ತೆಗೆಯುವ ದಿನ ಚಪ್ಪಡಿ ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಅವಸರಪಟ್ಟು ಇಳಿದವರು ಹೆಣವಾಗಿ ಮೇಲೆ ಬಂದದ್ದುಂಟು. ಸಿಮೆಂಟಿಲ್ಲ, ಬಡ್ಡಿಯಿಲ್ಲ, ಡಿಪಿಆರ್ ಇಲ್ಲ. ದಂಡು ಬಂದರೂ, ಕಂದಾಯದವರು ಬಂದರೂ, ನೆಂಟರು ಬಂದರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಮೇಲೆ ಹಸು ಕಟ್ಟಬಹುದಿತ್ತು, ಮಕ್ಕಳು ಗೋಲಿ ಆಡಬಹುದಿತ್ತು, ಅಂದರೆ ಮಗ ಹೇಳುವ ‘ಜಾಗದ ರೇಟು’ ಸೊನ್ನೆ.

ಮತ್ತೆ ಹಗೇವೇ ತೋಡಿಸಬಾರದೇಕೆ ಎಂದು ನಾನು ಉತ್ಸಾಹದಿಂದ ಕೇಳಿದೆ. ಆ ದಿಬ್ಬದಲ್ಲಿ ಈಗ ಅಪಾರ್ಟ್‌ಮೆಂಟಿದೆ. ಎರಡು ಅಂತಸ್ತು ನೆಲದೊಳಗೆ ಅಗೆದಿದ್ದಾರೆ, ಕಾರು ತುಂಬಿಡುವುದಕ್ಕೆ. ಅಗೆಯುವಾಗ ಜೆಸಿಬಿಯವನಿಗೆ ಒಂದು ಹಳೇ ಗುಳಿ ಸಿಕ್ಕಿತ್ತಂತೆ. ನಿಧಿ ಇರಬಹುದೆಂದು ಕೆಲಸ ನಿಲ್ಲಿಸಿ ಅರ್ಧ ದಿನ ಕೈಯಲ್ಲಿ ಕೆದಕಿದರಂತೆ. ಕರೀ ಹೊಟ್ಟು ಸಿಕ್ಕಿತು. ಬೈದುಕೊಂಡು ಮುಚ್ಚಿದರು.

ದೊಡ್ಡಪ್ಪನ ಕಟ್ಟಡ ಎದ್ದಿದೆ, ಅದನ್ನು ಹೇಳಬೇಕು. ಮಗನ ಲೆಕ್ಕಕ್ಕೆ ಬ್ಯಾಂಕು ಒಂದೇ ಮಾತಿಗೆ ಸಾಲ ಕೊಟ್ಟಿತು. ನೆಲ ಮತ್ತು ಮೂರು ಅಂತಸ್ತು, ಹನ್ನೆರಡು ರೂಮು, ಹನ್ನೆರಡಕ್ಕೂ ಅಟ್ಯಾಚ್ಡ್ ಬಾತ್‌ರೂಮು. ಮೇಸ್ತ್ರಿಗೆ ಲಿಫ್ಟೂ ದಕ್ಕಿತು. ಭೂಪರಿವರ್ತನೆ ಮಾಡಿಸಿದಿರಾ ಎಂದರೆ ಮಗ ನಗುತ್ತಾನೆ. ಕಾಗದದಲ್ಲಿ ಅದು ಇವತ್ತಿಗೂ ಬೇಸಾಯದ ಕಟ್ಟಡ, 95ನೇ ಸೆಕ್ಷನ್ನಿನ ನೆರಳಲ್ಲಿ ತಣ್ಣಗಿದೆ. ಪಿಜಿಯ ಹುಡುಗರಿಗೆ ಬುಧವಾರ ಮುದ್ದೆ ಊಟ. ಹಿಟ್ಟು ಒಂದು ಕೆ.ಜಿ.ಯ ಪೊಟ್ಟಣದಲ್ಲಿ ಹತ್ತು ನಿಮಿಷಕ್ಕೆ ಮೊಬೈಲ್ ಆ್ಯಪಿನಿಂದ ಬರುತ್ತದೆ.

ರಾಗಿಗೆ ಮೆಟ್ಟಿಲ ಕೆಳಗಿನ ಮೂಲೆ ಸಿಕ್ಕಿತು. ನೂರು ಚೀಲದಲ್ಲಿ ಹದಿನೆಂಟು ಹಿಡಿಯುತ್ತವೆ, ಉಳಿದವು ಟಿವಿಯ ಮುಂದೆಯೇ ಇವೆ. ದೊಡ್ಡಪ್ಪ ಬೇವಿನ ಸೊಪ್ಪು ಇಟ್ಟು ದಿನಕ್ಕೊಮ್ಮೆ ತಡವಿ ಬರುತ್ತಿದ್ದರು. ಮೊನ್ನೆ ಮಗ ಫೋನಿನಲ್ಲಿ ಹೇಳಿದ: ‘ಅಪ್ಪ, ಇಸ್ತ್ರಿಯವನೊಬ್ಬ ಕೇಳ್ತಾವ್ನೆ. ಆ ಮೂಲೆಗೆ ತಿಂಗ್ಳಿಗೆ ನಾಲ್ಕು ಸಾವಿರ ಕೊಡ್ತಾನಂತೆ. ಅಡ್ವಾನ್ಸ್ ಬೇರೆ.’

‘ರಾಗಿ ಎಲ್ಲಿಡ್ಲೋ?’

‘ಅದೂ ಕೇಳ್ದೆ ಅಪ್ಪ. ಯಲಹಂಕದಲ್ಲಿ ಸಾಮಾನು ಇಡೋ ಗೋಡೌನ್ ಐತಂತೆ, ಬಾಡಿಗೆಗೆ. ತಿಂಗ್ಳಿಗೆ ಐದು ಸಾವಿರ.’