ಶಟರ್ ಇಳಿದರೂ ಅಂಗಡಿ ಮುಚ್ಚಲ್ಲ

1961ರ ಕರ್ನಾಟಕದ ಅಂಗಡಿ ಕಾಯ್ದೆ ನೌಕರನಿಗೆ ವಾರಕ್ಕೊಂದು ರಜೆ ಕೊಡಿಸುತ್ತದೆ. ಹಿರೇಬೆಂಡಿಗೇರಿಯ ನನ್ನ ಕಿರಾಣಿ ಅಂಗಡಿಯಲ್ಲಿ ಮಾಲೀಕನೂ ನಾನೇ, ಆಳೂ ನಾನೇ. ಆಳು ರಜೆ ಕೇಳಿದರೆ ಮಾಲೀಕ ಮುಖ ಸಿಂಡರಿಸುತ್ತಾನೆ.

ಅಂತೂ ಒಂದು ಅಮಾವಾಸ್ಯೆಗೆ ಶಟರ್ ಎಳೆದು ಹೆಂಡತಿಯೊಂದಿಗೆ ಸವಣೂರಿಗೆ ಹೊರಟೆ. ದೊಡ್ಡಹುಣಸೆ ಮರದ ಕೆಳಗೆ ಆಕಳಿಸುತ್ತಿದ್ದಂತೆ ಫೋನು: "ಯಣ್ಣಾ, ಕೀಲಿ ಎಲ್ಲಿಟ್ಟೀರಿ? ಒಂದ್ ಕಡ್ಡಿಪೆಟ್ಟಿಗಿ ಬೇಕಾಗಿತ್ತು." ಅದೂ ಉದ್ರಿ! ಮರ ಆಫ್ರಿಕಾ ಮೂಲದ್ದೆಂದು ಹೆಂಡತಿ ವಿವರಿಸುತ್ತಿದ್ದಳು. ನನಗೋ ಆ ಬೊಡ್ಡೆಯೊಳಗೆ ಎಷ್ಟು ಚೀಲ ಸಕ್ಕರೆ ಹಿಡಿದೀತೆಂಬ ಲೆಕ್ಕ.

ಬರುವಾಗ ಸವಣೂರು ಖಾರಾ ಕೊಳ್ಳಲು ನಿಂತೆವು. ತಕ್ಕಡಿ ಕಂಡದ್ದೇ ಕೈ ತುರಿಸಿತು. ಗಿರಾಕಿಗಳ ಸಾಲೂ ಉದ್ದವಿತ್ತು, ಪಾಪ. ನಾನು ಒಳಹೊಕ್ಕು ಪೊಟ್ಟಣ ಕಟ್ಟತೊಡಗಿದೆ. ಹೆಂಡತಿ ಒಬ್ಬಳೇ ಬಸ್‌ಸ್ಟ್ಯಾಂಡಿಗೆ ನಡೆದಳು.