ಬೀರುವಿನಲ್ಲಿ ಭದ್ರವಾಗಿರುವ ನನ್ನ ಒಪ್ಪಿಗೆ

ಮಾನ್ಯ ಸಂಶೋಧಕ ಡಾಕ್ಟರಿಗೆ ಭದ್ರಾವತಿಯಿಂದ ನಮಸ್ಕಾರಗಳು.

ಹೊಸ ಔಷಧಿಯ ಪ್ರಯೋಗಕ್ಕೆ ಸೇರಿದ ದಿನ ಪುಟಪುಟಕ್ಕೂ ನನ್ನ ಸಹಿ ಹಾಕಿಸಿ, ಒಪ್ಪಿಗೆ ಪತ್ರವನ್ನು ತಾವೇ ಇಟ್ಟುಕೊಂಡಿರಿ. ನನಗೊಂದು ಜೆರಾಕ್ಸ್ ಕೊಡಿ ಎಂದಾಗ ತಮ್ಮ ಸಹಾಯಕರು, "ನಿಮಗ್ಯಾಕೆ ಅಜ್ಜ, ಎಲ್ಲಾದ್ರೂ ಕಳೆದುಬಿಡ್ತೀರಿ" ಎಂದರು. ಎಂಥ ಕಾಳಜಿ! ನಮ್ಮ ಮನೆಯಲ್ಲಿ ಗೆದ್ದಲಿದೆ, ಸೋರುವ ಹೆಂಚಿದೆ, ಪುಸ್ತಕ ಹರಿಯುವ ಮೊಮ್ಮಗನಿದ್ದಾನೆ. ತಮ್ಮ ಬೀರುವೇ ವಾಸಿ.

ಇದೆಲ್ಲ ದೆಹಲಿಯವರಿಗೆ ತಿಳಿಯದು, ಪಾಪ. ಮಾಹಿತಿ ಪತ್ರ, ಭರ್ತಿ ಮಾಡಿದ ಒಪ್ಪಿಗೆ ಪತ್ರ ಎರಡರ ಪ್ರತಿಯನ್ನೂ ಪ್ರಯೋಗಕ್ಕೆ ಒಳಗಾಗುವವನಿಗೋ ಅವನ ಜೊತೆಗಾರನಿಗೋ ಕೊಡಬೇಕೆಂದು 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಬರೆದುಬಿಟ್ಟರು. ಅದಕ್ಕೂ ಮೊದಲು, 2017ರ ಐಸಿಎಂಆರ್ ಮಾರ್ಗಸೂಚಿಯದ್ದೂ ಇದೇ ರಾಗ.

ಕಾಗದದ ಖರ್ಚು ಎಂದು ತಮ್ಮವರು ಗೊಣಗಿದ್ದು ಮಾತ್ರ ಮನಸ್ಸಿಗೆ ನಾಟಿತು. ನಾನು ಎಂಪಿಎಂ ಕಾಗದದ ಮಿಲ್ಲಿನ ಊರಿನವನು ಸ್ವಾಮಿ. ಬಿದಿರು, ಕಬ್ಬಿನ ಸಿಪ್ಪೆ ಅರೆದು ನಾಡಿನ ಪತ್ರಿಕೆಗಳಿಗೆ ಕಾಗದ ಕೊಟ್ಟ ಊರು. ಮಿಲ್ಲಿನ ಯಂತ್ರ ನಿಂತು ವರ್ಷಗಳಾದವು, ನಿಜ. ಆದರೂ ನಾಲ್ಕು ಹಾಳೆಗೆ ಬರ ಬಂದಿಲ್ಲ.

ನಮ್ಮ ಶಿವಮೊಗ್ಗ ಜಿಲ್ಲೆಗೆ ಸಂಶೋಧನೆಯೂ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವಿಜ್ಞಾನಿಗಳು ಬಂದರು, ಉಣುಗು ಹೆಕ್ಕಿದರು, ರಕ್ತ ಪರೀಕ್ಷಿಸಿದರು. ಕಾಯಿಲೆಗೆ ನಮ್ಮ ಕಾಡಿನ ಹೆಸರೇ ಜಗತ್ತಿನಲ್ಲೆಲ್ಲ ನಿಂತಿತು. ಆ ಮಂಗಗಳು ಯಾವ ಪ್ರತಿಯನ್ನೂ ಕೇಳಲಿಲ್ಲ. ಅವುಗಳ ಸಂಯಮ ನನಗೆ ಬರಲಿಲ್ಲ, ಕ್ಷಮಿಸಿ.

ಒಂದೇ ಸಣ್ಣ ಅನುಮಾನ. ಯಾವಾಗ ಬೇಕಾದರೂ ಪ್ರಯೋಗದಿಂದ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ಕುಂದಿಲ್ಲ, ಔಷಧಿಯಿಂದ ತೊಂದರೆಯಾದರೆ ಉಚಿತ ಆರೈಕೆ ಎಂದೆಲ್ಲ ಆ ಒಪ್ಪಿಗೆ ಪತ್ರದಲ್ಲಿತ್ತಂತೆ. ತಾವು ಓದಿ ಹೇಳಿದಾಗ ನಾನು ತಲೆಯಾಡಿಸಿದ್ದೆ. ಈಗ ಅರ್ಧ ಮರೆತಿದೆ. ನಡುರಾತ್ರಿ ಮೈತುಂಬ ದದ್ದೆದ್ದರೆ ಯಾರಿಗೆ ಫೋನ್ ಮಾಡಲಿ? ನಂಬರು ಆ ಹಾಳೆಯಲ್ಲಿದೆ. ಹಾಳೆ ಬೀರುವಿನಲ್ಲಿ, ಬೀರುವಿನ ಕೀಲಿ ತಮ್ಮ ಜೇಬಿನಲ್ಲಿ, ಜೇಬು ಶಿವಮೊಗ್ಗದಲ್ಲಿ. ದದ್ದಿಗೆ ಆಫೀಸು ತೆರೆಯುವವರೆಗೆ ತಾಳು ಎನ್ನುತ್ತೇನೆ, ಬಿಡಿ.

ಪ್ರತಿ ಕೊಡದಿದ್ದರೆ ನೈತಿಕ ಸಮಿತಿಗೆ ದೂರು ಕೊಡಿ ಎಂದು ನೆರೆಮನೆಯ ಮೇಷ್ಟ್ರು ಚುಚ್ಚಿದರು. ಸಮಿತಿಯ ವಿಳಾಸ ಎಲ್ಲಿ ಎಂದೆ. ಒಪ್ಪಿಗೆ ಪತ್ರದಲ್ಲೇ ಇರುತ್ತದೆ ಎಂದರು.

ಇಂತಿ ತಮ್ಮ ವಿಧೇಯ,
ಪ್ರಯೋಗಾರ್ಥಿ ನಂಬರ್ ____ (ದಯವಿಟ್ಟು ಬೀರು ತೆರೆದು ತುಂಬಿಕೊಳ್ಳಿ)